ಮಿಷನ್ ಓಡುವಷ್ಟು ಹೊತ್ತು

ಮೇಡಂ ಅವರಿಗೆ ನಮಸ್ಕಾರ.

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಂಥ ಸಣ್ಣ ಸಮುದಾಯದವರ ಮನಸ್ಸಿನ ಕಾಯಿಲೆ ಕುರಿತ ನಿಮ್ಮ ಸಂಶೋಧನೆಗೆ ಮಾತಾಡಲು ಅಕ್ಕ ಒಪ್ಪಿದ್ದಾಳೆ. ಆದರೆ ಆಸ್ಪತ್ರೆಯ ಬೋರ್ಡಿರುವ ವ್ಯಾನಿನಲ್ಲಿ ಬರಬೇಡಿ. ಊರಿನಲ್ಲಿ ನಮ್ಮವರದು ಒಂದೇ ಬೀದಿ. ಕಳೆದ ಸಲ ಆ ವ್ಯಾನು ನಿಂತಿದ್ದ ಮನೆಯವರು ಸೊಸೆಗೆ ತಲೆ ಕೆಟ್ಟಿದೆ ಎಂದು ಅವಳನ್ನು ತವರಿಗೆ ಅಟ್ಟಿ, ಮಗುವನ್ನು ಇಟ್ಟುಕೊಂಡರು. ಅಕ್ಕನಿಗೂ ಮಗುವಿದೆ.

ಬಟ್ಟೆ ಹೊಲಿಸುವವರ ಹಾಗೆ ಬನ್ನಿ. ಅವಳ ಅತ್ತೆ ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಅಕ್ಕ ಹೊಲಿಗೆ ಮಿಷನ್ ತುಳಿಯುತ್ತಾ ಮಾತಾಡುತ್ತಾಳೆ. ಆ ಸದ್ದಿನಲ್ಲಿ ಆಚೆಗೆ ಏನೂ ಕೇಳಿಸದು. ಮಿಷನ್ ನಿಂತರೆ ಅತ್ತೆ ಬಂದರೆಂದು ತಿಳಿದು, ಹೊಲಿಗೆ ಸೊಟ್ಟಗಿದೆ ಎಂದು ಗಟ್ಟಿಯಾಗಿ ಬೈಯಿರಿ.

"ಅಂಗಿ ಬಟ್ಟೆ ಬೇಡ ಅನ್ನು ಕಣೇ, ಬೇಗ ಮುಗಿದೋಗತ್ತೆ" ಎಂದಳು ಅಕ್ಕ. ದಯವಿಟ್ಟು ಪರದೆ ಬಟ್ಟೆ ತನ್ನಿ, ಉದ್ದದ್ದು.

ಇಂತಿ,
ಟೈಲರಕ್ಕನ ತಂಗಿ