ಬಳಿಚೂರಿನ ಹಸಿರು

ಉಮರ್ಗಾ
೯ ಜನವರಿ ೨೦೧೧

ನಿಲಂಗಾದಾಗ ಹಾಸಿಗೆ ಹಿಡಿದೂ ಬೈಯೋದು ಬಿಡದ ಜಯಮಾಲಕ್ಕಗ, ಬೈಸಿಕೊಳ್ಳೋ ವಿಜಯಶ್ರೀಯ ನಮಸ್ಕಾರ.

ನಿನ್ನ ತಮ್ಮ ಬಾಲಾಜಿ ಬರೆದ ಪತ್ರ ಮುಟ್ಟಿತು. ನೀ ಹೇಳಿದ್ದನ್ನ ಅಂವಾ ಒಂದಕ್ಷರ ಬಿಟ್ಟಿಲ್ಲ, ಬೈಗುಳ ಸಹಿತ. ಇದನ್ನೂ ಅಂವನೇ ನಿನಗ ಓದಿ ಹೇಳ್ತಾನ, ಅದಕ್ಕ ಮರ್ಯಾದಿಯಿಂದ ಬರೀತೀನಿ.

ಭರಣಿಗೆ ಹಚ್ಚೋ ಮೆರುಗು ನಾ ಕಲಸೋದು ಬಿಟ್ಟು ಸೊಲ್ಲಾಪುರದಿಂದ ತರಿಸೋದು ನಿನ್ನ ಕಿವಿಗೆ ಬಿದ್ದದ. ಖರೆ. ಡಬ್ಬಿ ತರಿಸಿದೆ, ಬೀಸೋದು ನಿಲ್ಲಿಸಿದೆ.

ಭೂಕಂಪ ಆಗಿ ವರ್ಷ ತುಂಬೋದರೊಳಗ ನಾವಿಬ್ಬರೂ ತಗಡಿನ ಶೆಡ್ಡಿನಾಗ ಭಟ್ಟಿ ಹಚ್ಚಿದ್ದು ನೆನಪದ. ಗಂಡಂದಿರನ್ನ ಕಳಕೊಂಡ ಮೂವತ್ತು ಮಂದಿ ಒಡೆದ ಹಸಿರು ಬಳಿಗಳನ್ನ ಗಂಟು ಕಟ್ಟಿ ಇಟ್ಟಿದ್ದರು. ಇವನ್ನ ತಿಪ್ಪಿಗೆ ಚೆಲ್ಲೋದು ಬ್ಯಾಡ, ಮೆರುಗಿಗೆ ಹಾಕೋಣ ಅಂದಾಕಿ ನೀ. ಮೊದಲ ಮುಷ್ಟಿ ನಿನ್ನವೇ, ಸಂಜುಕುಮಾರ ಮಾಮಾನ ಹೆಸರಿಗೆ ತೊಟ್ಟವು. ಅವು ತೀರಿದ ಮ್ಯಾಲೆ ಬಳಿಗಾರನ ಕಡೆ ಒಡಕು ತಂದಿ. ಬಳಿಚೂರು, ಬೆಣಚುಕಲ್ಲು, ಬೂದಿ, ಚಿಟಿಕೆ ತಾಮ್ರದ ಕಿಲುಬು. ನೀ ಒಣಾ ಒಣಾ ಬೀಸ್ತಿದ್ದಿ, ನಾ ಎದುರಿಗೆ ಕೂತು ಜರಡಿ ಹಿಡೀತಿದ್ದೆ. ಮೂಗಿಗೆ ಸೆರಗು ಕಟ್ಟಿಕೋ ಅಂದರ, ಬಾಯಿ ಕಟ್ಟಿಕೊಂಡು ಹಾಡು ಹ್ಯಾಂಗ ಹಾಡಲಿ ಅಂತಿದ್ದಿ. ಬೀಸುಕಲ್ಲಿಗೆ ಕೂತು ಸುಮ್ಮನಿರೋದು ನಮ್ಮ ಕಡೆ ಯಾರಿಗೆ ಬರ್ತದ? ನೀ ಹಾಡು ಎತ್ತಿದರ ನಾ ಪ್ರಾಸ ಕೂಡಿಸ್ತಿದ್ದೆ. ಪ್ರಾಸ ನಿನಗ, ತ್ರಾಸ ನನಗ ಅಂತ ನಗ್ತಿದ್ದಿ. ಹದಿನಾರು ವರ್ಷ ಹಂಗೇ ಹೋದವು.

ಮೊದಲ ಭಟ್ಟಿಯ ಭರಣಿಯ ಒಂದು ಚೂರು ಸೊಲ್ಲಾಪುರದ ಅಂಗಡಿಗೆ ಒಯ್ದು, ಇದೇ ಹಸಿರು ಕಲಸಿ ಕೊಡ್ರಿ ಅಂದೆ. ಇದರಾಗ ಏನು ಹಾಕೀರಿ ಅಕ್ಕಾರ ಅಂತ ಅಂಗಡಿಯಂವಾ ಮರಾಠಿಯಾಗ ಕೇಳಿದ. ಮೂವತ್ತು ಗಂಡಂದಿರನ್ನ ಅನ್ನೋದು ನಾಲಿಗಿ ತುದಿಗೆ ಬಂದಿತ್ತು, ನುಂಗಿದೆ. ಹದಿನೈದು ದಿನಕ್ಕ ಹಸಿಯಾಗೇ ಕಲಸಿ ಕಳಿಸಿದ, ಧೂಳಿನ ಸುದ್ದೀನೇ ಇಲ್ಲ. ಸುಟ್ಟು ತೆಗೆದ ಮ್ಯಾಲೆ ಆ ಚೂರಿನ ಬಾಜೂಕ ಇಟ್ಟು ನೋಡಿದೆ. ಒಂಚೂರೂ ಫರಕ್ ಇರಲಿಲ್ಲ. ಫರಕ್ ಇರಬೇಕಾಗಿತ್ತು ಅಕ್ಕಾ.

ನನ್ನ ಕೈಯ ಮೆರುಗಿನ ಬಟ್ಟಲದಾಗ ನೀರು ಕುಡಿದೇ ಹೋಗ್ತೀನಿ ಅಂದಿ. ಪತ್ರದ ಜೋಡಿ ಕಳಿಸೀನಿ. ಬಕೇಟಿನ ತಳದಾಗ ಉಳಿದಿದ್ದ ನಿನ್ನ ಹಸಿರೇ ಹಚ್ಚೀನಿ. ಹೊಟ್ಟಿ ತಣ್ಣಗಾಗೋ ಹಂಗ ಕುಡಿ.

ಇನ್ನ ನಿನ್ನ ಎರಡನೇ ಮಾತು. ಹೊಸದಾಗಿ ಬಂದ ರೂಪಾಲಿಗೆ ಬೀಸೋದು ಕಲಿಸು, ಇಲ್ಲಾಂದರ ವಿದ್ಯಾ ನನ್ನ ಜೋಡಿನೇ ಸಾಯ್ತದ ಅಂದಿ. ಸಾಯಲಿ ಅಕ್ಕಾ. ನಾ ಕಲಿಸೋದಿಲ್ಲ. ಬೀಸುಕಲ್ಲು ಹೊರಗ ಹಾಕಿಸೀನಿ, ಅದರ ಮ್ಯಾಲೆ ಈಗ ಕೋಳಿ ಕೂಡ್ತಾವ. ಮಂದಿ ನನ್ನ ಆಲಸಿ ಅಂತಾರ, ನಾನೂ ಹೌದಂತೀನಿ. ನಿನ್ನ ಮೆರುಗೇ ನಿನ್ನ ತಿಂತು ಅಂತ ಅವರು ಆಡಿಕೊಳ್ಳೋದಕ್ಕಿಂತ ಇದು ಚಲೋ.

ನಿನ್ನ ಎದುರಿಗೆ ಜರಡಿ ಹಿಡಿದಾಕಿ,
ವಿಜಯಶ್ರೀ

ತಾ.ಕ.: ಬಾಲಾಜಿ, ಇದು ನಿನಗ, ಅಕ್ಕಗ ಓದಬ್ಯಾಡ. ಬಟ್ಟಲದ ಬಣ್ಣ ಡಬ್ಬಿದು. ಬಕೇಟಿನ ಹಸಿರು ಒಣಗಿ ಕಲ್ಲಾಗಿತ್ತು, ಕುಟ್ಟಿದ್ದರ ಸಾಕಿತ್ತು. ಆದರ ಉದಗೀರದ ಡಾಕ್ಟರು ಕುಟ್ಟೋ ಕೆಲಸ ಮುಟ್ಟಬ್ಯಾಡ ಅಂದಾರ, ನನ್ನ ಎದಿಯ ಫೋಟೋದಾಗೂ ಆಕಿಯ ಹಂಗ ಧೂಳು ಕಂಡು. ಆಕಿ ಹಾಡುವಾಗ ಪ್ರಾಸ ಕೂಡಿಸಲಿಕ್ಕ ನನ್ನ ಬಾಯೂ ತೆರೆದೇ ಇತ್ತಲ್ಲ.