ನಾಯಿಯ ಪಾಲು

ಲಿಂಗದಹಳ್ಳಿ
ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ದಶಮಿ

ಚಿರಂಜೀವಿ ಬೀರಪ್ಪನಿಗೆ,

ಲೇ, ಸರ್ಕಾರದವರು ಕಾಡಿನ ಗಾರ್ಡು ಕೆಲಸ ಕೊಟ್ಟು ನಿನ್ನ ಬೆರಳು ಕಟ್ಟಿಹಾಕಿದ್ದಾರೇನೋ? ಯುಗಾದಿಗೂ ಒಂದು ಕಾಗದವಿಲ್ಲ. ನಾಲ್ಕಕ್ಷರ ಕಲಿತ ಮುದುಕಿ ನಾನೇ ಕಣ್ಣು ಕಿರಿದು ಮಾಡಿಕೊಂಡು ಬರೆಯುತ್ತಿದ್ದೇನೆ, ಓದು. ಆ ಕೊಪ್ಪದ ಕಡೆ ಚಳಿಜ್ವರ ಗಿಳಿಜ್ವರ ಬಂತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯಾ? ನಾನು ಗಟ್ಟಿಯಾಗಿದ್ದೇನೆ. ನಾಲಿಗೆ ಇನ್ನೂ ಗಟ್ಟಿ.

ಹೊಸತೊಡಕಿನ ದಿನದ ಬೇಟೆಯ ವಿಷಯ ಕೇಳು. ಕಾಡುಮೃಗಗಳ ಮೇಲೆ ನಾಯಿ ಬಿಡಬಾರದು, ಕಾನೂನಾಗಿದೆ ಎಂದು ಈ ಸಲ ಡಂಗುರ ಹೊಡೆಸಿದ್ದರು. ಬೇಟೆಯ ಮುಂದಾಳು ಬೆನಕಪ್ಪ ಕೇಳಬೇಕಲ್ಲ! "ಬೆಟ್ಟದ ಕಾಫಿ ತೋಟದ ದೊರೆ ಹಿಂಡು ನಾಯಿ ಕಟ್ಕೊಂಡು ಹೋಗ್ತಾನೆ, ಅವ್ನಿಗೆ ಪರವಾನಗಿ. ನಮ್ ಗದ್ದೆ ಹಂದಿ ಮೇಯ್ದ್ರೆ ನಾವು ಕೈ ಕಟ್ಕೊಂಡು ಕೂರೋದಾ ಅಂಜಿನಮ್ಮಾ?" ಎಂದು ಕೂಗಾಡಿ, ನೀನು ಸಾಕಿದ ಕೆಂಚನನ್ನೂ ಬಿಚ್ಚಿಕೊಂಡು ಹೋದ. ಅವನ ಮಾತು ಸುಳ್ಳಲ್ಲ. ನಾನೂ ತಡೆಯಲಿಲ್ಲ.

ಹಂದಿ ಸಿಗಲಿಲ್ಲ. ನಮ್ಮ ಕೆಂಚ ಒಂದು ಹೆಣ್ಣು ಜಿಂಕೆಯನ್ನು ಕೆಡವಿದ. ಕೊಯ್ದಾಗ ಹೊಟ್ಟೆಯಲ್ಲಿ ಮರಿಯಿತ್ತಂತೆ. ನಿನ್ನ ತಾತನ ಕಾಲದಲ್ಲಿ ಬಸುರಿ ಬಲೆಗೆ ಬಿದ್ದರೆ ಬಲೆ ಎತ್ತಿ ಬಿಟ್ಟುಬಿಡುತ್ತಿದ್ದರು. ನಾಯಿಯ ಬಾಯಿಂದ ಬಿಡಿಸುವುದು ಹೇಗೆ ಹೇಳು? ಕಾನೂನು ಬರೆದವನನ್ನು ಬೆಳಿಗ್ಗೆ ಬಾಯಿಗೆ ಬಂದಂತೆ ಬೈದಿದ್ದೆ, ಸಂಜೆ ಅಷ್ಟು ಬೈಯಲು ಮನಸ್ಸು ಬರಲಿಲ್ಲ. ಆದರೂ, ದೊರೆಯ ನಾಯಿಗೆ ಮಾತ್ರ ಬಸುರಿ ಯಾವುದು ಎಂದು ಗುರುತು ಸಿಗುತ್ತದೇನೋ?

ಹಿಡಿದ ನಾಯಿಗೂ ಆಳಿನಷ್ಟೇ ಒಂದು ಪಾಲು, ಅದು ಸಾಕಿದವರ ಮನೆಗೆ. ಈ ಪದ್ಧತಿ ನಿನಗೆ ಗೊತ್ತೇ ಇದೆ. ಮುತ್ತುಗದ ಎಲೆಯಲ್ಲಿ ಕಟ್ಟಿ ನಮ್ಮ ಜಗಲಿಯ ಮೇಲಿಟ್ಟು ಹೋದರು. ನನಗೆ ಒಲೆ ಹತ್ತಿಸಲು ಕೈ ಬರಲಿಲ್ಲ, ಅಲ್ಲೇ ಬಿಟ್ಟೆ. ಕೆಂಚ ಪಕ್ಕದಲ್ಲೇ ಬಾಲ ಆಡಿಸುತ್ತಾ ಕಾವಲು ಕೂತಿದ್ದ, ಪಾಪದ್ದು.

ಚಿಕ್ಕಪ್ಪ, ಚಿಕ್ಕಮ್ಮ ನಿನ್ನನ್ನು ಕೇಳಿದ್ದಾರೆ. ಬೀರೇದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜಿ,
ಅಂಜಿನಮ್ಮ

ಇನ್ನೊಂದು ಮಾತು. ಆ ಎಲೆ ಜಗಲಿಯ ಮೇಲಿರುವಾಗಲೇ ಇಲ್ಲಿನ ಗಾರ್ಡು ಬಂದ. ಮಾಂಸ ನೋಡಿದ, ನಾಯಿ ನೋಡಿದ, "ಯಾರ್ದಜ್ಜಿ ಈ ನಾಯಿ?" ಎಂದ. ನಿನ್ನ ಹೆಸರು ಹೇಳಿದ್ದರೆ ಗಾರ್ಡಿನ ನಾಯಿಯೇ ಬೇಟೆಯಾಡಿತೆಂದು ನಿನ್ನ ನೌಕರಿ ಹೋಗುತ್ತಿತ್ತು. "ನಂದು ಕಣಪ್ಪಾ, ಬರ್ಕೋ" ಎಂದೆ. ಸುಳ್ಳೇನಲ್ಲ, ನೀನು ಹೋದಂದಿನಿಂದ ಅವನಿಗೆ ಮುದ್ದೆ ಹಾಕಿದವಳು ನಾನು. ಬರುವ ತಿಂಗಳು ವಿಚಾರಣೆಗೆ ತರೀಕೆರೆಗೆ ಬರಬೇಕೆಂದು ಅಮಲ್ದಾರರ ಕರೆ ಬಂದಿದೆ. ಹೋಗುತ್ತೇನೆ, ದೊರೆಯ ನಾಯಿಗಳ ವಿಷಯವನ್ನೂ ಕೇಳಿಯೇ ಬರುತ್ತೇನೆ. ನೀನು ಓಡಿ ಬಂದು "ಅದು ನನ್ನ ನಾಯಿ" ಎಂದೆಯೋ, ಈ ಹೊಸಿಲು ತುಳಿಯಬೇಡ. ಕೆಂಚನನ್ನು ಅಜ್ಜಿಗೆ ಕೊಟ್ಟಿದ್ದೇನೆ ಎಂದು ಒಂದೇ ಒಂದು ಸಾಲು, ತಿಂಗಳು ತಿರುಗುವುದರೊಳಗೆ ಬರೆದು ಹಾಕು.