ಮೂರನೆಯ ಅಚ್ಚು ಬೆಲ್ಲ

ಆಲೆಮನೆ, ಬನ್ನೂರು
12 ಫೆಬ್ರವರಿ 2025

ಅಕ್ಕನ ಮಗಳಾದರೂ ಬುದ್ಧಿಯಲ್ಲಿ ನನಗಿಂತ ಎರಡೇ ಇಂಚು ಕಡಿಮೆಯಿರುವ ಮಾನಸಳಿಗೆ, ನಿನ್ನ ಬೆಟ್ಟಯ್ಯ ಮಾವನ ಆಶೀರ್ವಾದಗಳು.

ನಿನ್ನ ಕಾಲೇಜಿನ ಜೆಸ್ವಿಟ್ ಫಾದರುಗಳು ಆತ್ಮಾವಲೋಕನ, ಸಾಮಾಜಿಕ ನ್ಯಾಯ ಅಂತ ಪಾಠಕ್ಕೆಂದು ಒಂದು ಪುಸ್ತಿಕೆ ಮಾಡುತ್ತಿದ್ದಾರೆ, ನಿನ್ನ ವಿದ್ಯಾರ್ಥಿಗಳು ನಮ್ಮ ಆಲೆಮನೆಯಲ್ಲಿ ಕಳೆದ ದಿನಗಳ ಬಗ್ಗೆ ಅದಕ್ಕೆ ಬರೆದುಕೊಡು ಮಾವ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಏಳನೇ ಕ್ಲಾಸಿಗೇ ಓದು ನಿಲ್ಲಿಸಿದವನು ಡಿಗ್ರಿ ಹುಡುಗರಿಗೆ ಪಾಠವಾಗುವುದೆಂದರೆ ಸುಮ್ಮನೆಯೇ? ನನ್ನ ಹೆಸರು ದಪ್ಪಕ್ಷರದಲ್ಲಿರಲಿ.

ಮೊದಲು ಒಂದು ವಿಷಯ. ಸಂಜೆಯಾದರೆ ಆ ಮಕ್ಕಳು ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕ ಕೂತು ಕಣ್ಣು ಮುಚ್ಚುತ್ತಿದ್ದರಲ್ಲ, ಅದೇನು ಮಾಯ? ಜಪ ಅನ್ನೋಣವೆಂದರೆ ಮಣಿಸರವಿಲ್ಲ. ನಿದ್ದೆಯೇ ಇರಬೇಕೆಂದು ಒಬ್ಬನ ಮೂಗಿನ ಹತ್ತಿರ ಬಿಸಿ ಬೆಲ್ಲ ಹಿಡಿದು ನೋಡಿದೆ. ಮೂಗು ಅರಳಿತು, ಕಣ್ಣು ತೆರೆಯಲಿಲ್ಲ! ಆಮೇಲೆ ಪವಿತ್ರಾ ಎಂಬ ಹುಡುಗಿ ಬಿಡಿಸಿ ಹೇಳಿದಳು. ಇವತ್ತು ನನಗೇನು ಸಿಕ್ಕಿತು, ಯಾರಿಂದ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನೆನೆಯುವುದಂತೆ. ನಿಮ್ಮ ಫಾದರುಗಳು ಕಲಿಸಿದ ಅಭ್ಯಾಸವಂತೆ.

ನಮ್ಮ ಪದ್ಧತಿ ನಿನಗೆ ಗೊತ್ತು. ಕೊಪ್ಪರಿಗೆ ಇಳಿಸಿದ ಮೇಲೆ ಮೊದಲ ಅಚ್ಚು ಬೆಲ್ಲ ದೇವರಿಗೆ, ಎರಡನೆಯದು ಪಾಕದ ಹದ ನೋಡುವ ಶಿವರಾಜುವಿಗೆ, ಮೂರನೆಯದು ಬಂದ ನೆಂಟರಿಗೆ. ಆ ಮೂರನೆಯದು ಪವಿತ್ರಾಳಿಗೆ ಸಿಕ್ಕಿತ್ತು. ಮರುದಿನ ಸಂಜೆ ಅವಳು ಅದನ್ನು ತಂದು, ಒಲೆಗೆ ಸಿಪ್ಪೆ ಹಾಕುವ ಸಿದ್ದಲಿಂಗಮ್ಮನ ಮುಂದಿಟ್ಟಳು. ದಿನವಿಡೀ ಬೆಂಕಿಯ ಬಾಯಿಗೆ ಕೂತವಳಿಗೆ ಯಾವ ಅಚ್ಚೂ ಇಲ್ಲವಲ್ಲ ಎಂಬುದು ಹುಡುಗಿಯ ಸಂಕಟ.

ಸಿದ್ದಲಿಂಗಮ್ಮ ಮುಟ್ಟಲಿಲ್ಲ. 'ಇದು ನೀನು ಕೊಟ್ಟಿದ್ದು ಕಣವ್ವ, ಆಲೆಮನೆ ಕೊಟ್ಟಿದ್ದಲ್ಲ. ನಾಳೆ ನೀನು ಬಸ್ಸು ಅತ್ತೀಯ. ನಾಡಿದ್ದು ನಾನು ಯಾರನ್ನ ಕೇಳ್ಲಿ?' ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

'ತಾತನ್ ಕಾಲದಿಂದ ಬಂದಿರಾದು ಕಣಕ್ಕ, ಮುರುದ್ರೆ ಬೆಲ್ಲ ಕಟ್ಟಾಕಿಲ್ಲ' ಎಂದ ಶಿವರಾಜು.

'ನಂಗೊಂದು ಅಚ್ಚು ಬಂದ್ರೆ ನಿನ್ ಮೀಸೆ ಉದುರೋಯ್ತದಾ?' ಎಂದು ಸಿದ್ದಲಿಂಗಮ್ಮ ತಿರುಗಿ ಕೇಳಿದಳು.

ಆಗ ನಾನೇನು ಮಾಡಿದೆ ಗೊತ್ತೆ? ಆ ಮಕ್ಕಳಂತೆಯೇ ಕಣ್ಣು ಮುಚ್ಚಿದೆ. ಒಳಗಿನಿಂದ ಬೆಳಕು ಬಂತು. ಎದ್ದವನೇ, 'ಇವತ್ತಿಂದ ಮೂರ್ನೇ ಅಚ್ಚು ಒಲೆಯವ್ರಿಗೆ, ನೆಂಟ್ರು ಕಾಯ್ಲಿ' ಎಂದು ಸಾರಿದೆ. ಶಿವರಾಜು ಮೂಗು ಮುರಿದ. ಬೆಲ್ಲ ಮಾತ್ರ ಚೆನ್ನಾಗಿಯೇ ಕಟ್ಟಿತು.

ಫಾದರುಗಳಿಗೆ ನನ್ನ ನಮಸ್ಕಾರ ತಿಳಿಸು. ಬಂದರೆ ಕಬ್ಬಿನ ಹಾಲು ಹೊಟ್ಟೆ ತುಂಬ ಕೊಡುತ್ತೇನೆ. ಬೆಲ್ಲಕ್ಕೆ ಮಾತ್ರ ಅವರ ಸರದಿ ನಾಲ್ಕನೆಯದು.

ಇಂತಿ,
ಪಾಠವಾಗಲು ಸರ್ವ ವಿಧದಲ್ಲೂ ಯೋಗ್ಯನಾದ ನಿನ್ನ ಮಾವ,
ಬೆಟ್ಟಯ್ಯ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಒಂದು ಸಲ ಕಣ್ಣು ಮುಚ್ಚಿ ನೋಡಿದೆ. ಬೆಳಕುಗಿಳಕು ಏನೂ ಬರಲಿಲ್ಲ. ಅವತ್ತೂ ಬಂದಿರಲಿಲ್ಲ. ಅವತ್ತು ಕಣ್ಣು ಮುಚ್ಚಿದ್ದು ನಾನಲ್ಲ, ಸಿದ್ದಲಿಂಗಮ್ಮ. ಪಾಕ ಕುದಿಯುತ್ತಿರುವಾಗಲೇ ಕೈಯಲ್ಲಿದ್ದ ಸಿಪ್ಪೆ ನೆಲಕ್ಕೆ ಹಾಕಿ, ಎದ್ದು ಹೋಗಿ ಮಕ್ಕಳ ಸಾಲಿನಲ್ಲಿ ಕೂತುಬಿಟ್ಟಳು. 'ಏನಮ್ಮಿ ಇದು, ಬೆಂಕಿ ಆರ್ತದೆ!' ಎಂದು ಕೂಗಿದೆ. ಕಣ್ಣು ತೆರೆಯದೆಯೇ, 'ಸುಮ್ಕಿರಿ ಗೌಡ್ರೆ, ಯಾರಿಗೆ ಸಿಗ್ನಿಲ್ಲ ಅಂತ ನಾನೂ ನೆನಸ್ಕತಾವ್ನಿ' ಎಂದಳು. ಕೊಪ್ಪರಿಗೆಯ ಕುದಿ ನಿಲ್ಲುತ್ತಾ ಬಂದಾಗ ನನ್ನ ಬಾಯಿಂದ ಮೂರನೆಯ ಅಚ್ಚಿನ ಆ ಮಾತು ಹೊರಟಿತು. ಪುಸ್ತಿಕೆಗೆ ಇದನ್ನೇ ಹಾಕು. ದಪ್ಪಕ್ಷರ ಅವಳ ಹೆಸರಿಗಿರಲಿ. ನನ್ನದು ಪಕ್ಕದಲ್ಲಿ, ಸ್ವಲ್ಪವೇ ಸ್ವಲ್ಪ ಸಣ್ಣದಾಗಿ.